ಆಪಿನ ಬೇರಿನ ಕೆಂಪು

ಮೊನ್ನೆ ನನ್ನ ಹೆಂಡತಿ ಹಿತ್ತಲಿನ ಹೂಕುಂಡವೊಂದನ್ನು ಬೋರಲು ಹಾಕಿದಳು. ತಳದ ತೂತು ಕಟ್ಟಿಕೊಂಡು ಒಳಗೆ ನೀರು ನಿಂತಿತ್ತು, ಗಿಡ ಬಾಡಿತ್ತು. ಕರ್ರಗಿನ ಮಣ್ಣು ಕುಂಡದ ಆಕಾರದಲ್ಲೇ ಕಳಚಿ ಬಿತ್ತು. ಜೊತೆಗೇ ವಾಸನೆ. "ಥೂ" ಎಂದು ಅವಳು ಸೆರಗನ್ನು ಮೂಗಿಗೆ ಹಿಡಿದು ಒಳಗೆ ಹೋದಳು. ನಾನು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತೆ. ಕೊಳೆತ ಮೊಟ್ಟೆಯ ನಾತ, ಅದರ ಹಿಂದೆ ಒದ್ದೆ ಕಬ್ಬಿಣದ ವಾಸನೆ. ಕಪ್ಪು ಮುದ್ದೆಯೊಳಗೆ ಬೇರುಗಳು ಹೆಣೆದುಕೊಂಡಿದ್ದವು, ಒಂದೆರಡು ಬೇರಿನ ಸುತ್ತ ಮಾತ್ರ ಇಟ್ಟಿಗೆ ಬಣ್ಣದ ತೊಗಟೆ.

ನೆನಪು ಬರೆಯುವವರು ಇಂಥ ಕಡೆ ಕಣ್ಣು ತೇವ ಮಾಡಿಕೊಳ್ಳುತ್ತಾರೆ. ನನಗೆ ಬಂದದ್ದು ಓಕರಿಕೆ.

ಆ ವಾಸನೆಯ ಊರು ಹಗರಿಬೊಮ್ಮನಹಳ್ಳಿಯಿಂದ ಬಸ್ಸಿನ ದಾರಿ. ಹೆಸರು ಬರೆಯುವುದಿಲ್ಲ. ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ ಅಲ್ಲಿನ ಹೈಸ್ಕೂಲಿಗೆ ವಿಜ್ಞಾನದ ಮಾಸ್ತರನಾಗಿ ಹೋಗಿದ್ದೆ. ನಾನು ಕೂಡ್ಲಿಗಿ ಕಡೆಯವನು. ನಮ್ಮಲ್ಲಿ ನೀರೆಂದರೆ ಇರುತ್ತದೆ, ಇಲ್ಲವೇ ಇರುವುದಿಲ್ಲ; ಕಾಲಡಿ ಮಣ್ಣು ಪಿಚಪಿಚ ಎನ್ನುವುದು ನನಗೆ ಗೊತ್ತಿರಲಿಲ್ಲ. ಆ ವರ್ಷ ಮಳೆ ಚೆನ್ನಾಗಿ ಹಿಡಿದು ಕೆರೆ ಕೋಡಿ ಬಿದ್ದಿತ್ತು. ಏರಿಯ ಬುಡದಿಂದ ನೀರು ಜಿನುಗಿ ಕೆಳಗಿನ ತಗ್ಗೆಲ್ಲ ಜೌಗಾಗಿತ್ತು. ಜೌಗಿನ ತುಂಬ ಆಳೆತ್ತರದ ಆಪು, ಚಾಪೆ ಹೆಣೆಯುವ ಹುಲ್ಲು. ಆಪು ಮುಗಿದಲ್ಲಿ ಊರಿನ ಮೆಟ್ಟಿಲು ಬಾವಿ. ಏರಿ, ಆಪು, ಬಾವಿ: ಈ ಮೂರರ ಸಾಲು ಮಾತ್ರ ನನ್ನ ನೆನಪಿನಲ್ಲಿ ಅಲುಗಾಡದೆ ನಿಂತಿದೆ. ಉಳಿದದ್ದನ್ನೆಲ್ಲ ನಾನು ಹಲವು ಸಲ ಹಲವರಿಗೆ ಹೇಳಿ ಹಾಳು ಮಾಡಿದ್ದೇನೆ.

ಕೊಟ್ರಪ್ಪ ಎಂಬವರ ಮನೆಯಲ್ಲಿ ಬಾಡಿಗೆ ಕೋಣೆ. ಅವರದು ಲಿಂಗ ಕಟ್ಟುವ ಮನೆತನ, ನಮ್ಮದೂ ಅದೇ. ಕೋಣೆ ಸಿಕ್ಕಿದ್ದು ಆ ಕಾರಣಕ್ಕೆ. ಬಾವಿಯ ಆಚೆ ಅವರ ಗದ್ದೆ, ಗದ್ದೆಯ ಅಂಚಿಗೆ ಡೀಸೆಲ್ ಎಂಜಿನ್ನು. ಮೊದಲ ದಿನ ಅವರ ಹೆಂಡತಿ ಬಸಮ್ಮ ಚಹಾ ತಂದಿಟ್ಟರು. ಬಟ್ಟಲಿನಲ್ಲಿದ್ದದ್ದು ಮಸಿಯ ಬಣ್ಣ.

"ಏನ್ ನೋಡ್ತೀರಿ, ಕುಡೀರಿ. ಈ ವರ್ಷ ನೀರು ಹಿಂಗ ಅದಾವು," ಎಂದರು ಬಸಮ್ಮ. "ಹಾಲು ಎಷ್ಟು ಹಾಕಿದ್ರೂ ಬೆಳ್ಳಗಾಗೂದಿಲ್ಲ. ನಾ ಏನ್ ಎಮ್ಮಿ ಪೂರಾ ಹಿಂಡಿ ಕೊಡ್ಲೇನು?"

ಕುಡಿದೆ. ತುಕ್ಕು ಹಿಡಿದ ಸರಪಳಿಯನ್ನು ನೆಕ್ಕಿದ ಹಾಗಿತ್ತು. ಅನ್ನ ಬೂದಿ ಬಣ್ಣ. ಕೊಡದಲ್ಲಿ ತಂದಾಗ ತಿಳಿಯಾಗಿದ್ದ ನೀರು ಬೆಳಗಾಗುವಷ್ಟರಲ್ಲಿ ಕೆಂಪಗೆ ಕದಡಿ ತಳದಲ್ಲಿ ಅರಿಷಿಣ-ಕುಂಕುಮ ಕಲಸಿದಂಥ ರಾಡಿ ಬಿಟ್ಟಿರುತ್ತಿತ್ತು. ನನ್ನ ಬಿಳಿ ಅಂಗಿಗಳ ಕಂಕುಳಲ್ಲಿ, ಕಾಲರಿನಲ್ಲಿ, ಯಾರೋ ಉಗುಳಿದಂಥ ಕಲೆ. ಬಾವಿಯ ಮೆಟ್ಟಿಲುಗಳ ಮೇಲೆ ಕೆಂಪು ಲೋಳೆ. ಹತ್ತಿಯನ್ನು ಗಾಯದ ಮೇಲಿಟ್ಟು ತೆಗೆದ ಹಾಗೆ ಎಳೆಯೆಳೆಯಾಗಿ, ನೀರು ಅಲುಗಿದರೆ ತಾನೂ ಉಸಿರಾಡಿದಂತೆ ಅಲುಗುತ್ತಿತ್ತು. ಬರಿಗಾಲಿನಲ್ಲಿ ಅದನ್ನು ತುಳಿದ ನೆನಪು ಈಗಲೂ ಹಿಮ್ಮಡಿಯಲ್ಲಿದೆ. ಬೆರಳಿನ ಸಂದಿಯಲ್ಲಿ ಅದು ಮೇಲೆ ಉಕ್ಕಿ ಬಂತು. ನಾನು ಮೆಟ್ಟಿಲ ಮೇಲೇ ಕಾರಿಕೊಂಡೆ. ನೀರಿಗೆ ಬಂದಿದ್ದ ಹೆಂಗಸರು ನಕ್ಕರು. "ಮಾಸ್ತರ್ರು ಬಸರಾಗ್ಯಾರ," ಎಂದು ಒಬ್ಬಳು ಅಂದಳು.

ಹುಲಿಗೆಮ್ಮನನ್ನು ಮೊದಲು ಕಂಡದ್ದು ಆಪಿನ ಅಂಚಿನಲ್ಲಿ. ಕೆಳಕೇರಿಯವಳು, ನಡುವಯಸ್ಸು, ಗಂಡ ಸತ್ತಿದ್ದ, ಮಗ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ. ತೊಡೆಮಟ ನೀರಿನಲ್ಲಿ ನಿಂತು ಆಪು ಕೊಯ್ದು, ಒಣಗಿಸಿ, ಚಾಪೆ ಹೆಣೆದು ಸಂತೆಗೆ ಹೊರುತ್ತಿದ್ದಳು. ಬದುಕಿಗೆ ಅದೊಂದೇ ದಾರಿ. ಅವಳ ಕೇರಿಯವರಿಗೆ ಬಾವಿಯ ಮೆಟ್ಟಿಲು ಇಳಿಯಲು ಬಿಡುತ್ತಿರಲಿಲ್ಲ. ಹಳ್ಳದ ಮರಳಲ್ಲಿ ಗುಂಡಿ ತೋಡಿ ನೀರು ತರುತ್ತಿದ್ದರು. ಆದರೆ ಬಾವಿಗೆ ನೀರು ಬರುವ ಜೌಗಿನಲ್ಲಿ ಅವಳು ದಿನವಿಡೀ ನಿಂತರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅದು ಬರೀ ರಾಡಿಯಲ್ಲವೇ.

ಅಂದು ಅವಳು ದಂಡೆಯಲ್ಲಿ ಕೂತು ಹುಣಸೆಹಣ್ಣು ಹಚ್ಚಿ ಕೈ ತಿಕ್ಕುತ್ತಿದ್ದಳು. ಮೊಣಕೈವರೆಗೆ ಕೆಂಪು. ಪಕ್ಕದಲ್ಲಿ ಬೇರುಸಮೇತ ಕಿತ್ತುಬಂದ ಒಂದು ಆಪಿನ ಗಡ್ಡೆ. ಬೇರೆಲ್ಲ ತುಕ್ಕು ಹಿಡಿದ ತಂತಿಯ ಹಾಗಿತ್ತು.

"ಏನಮ್ಮಾ ಅದು, ರಕ್ತ ಹತ್ತಿದಂಗ ಐತಲ್ಲ?" ಎಂದೆ.

"ಯಾರಿಗ್ ಗೊತ್ರಿ ಯಪ್ಪಾ. ಅಸಹ್ಯ. ತಿಕ್ಕಿದ್ರ ಹೋಗೂದಿಲ್ಲ, ಹುಣಸಿಹಣ್ಣಿಗೆ ಒಂದ್ ಅಂಜತೈತಿ." ಕೈ ಮೂಸಿ ಮುಖ ಕಿವುಚಿದಳು. "ಇದೇ ಕೈಲೆ ಉಣಬೇಕಲ್ರಿ. ಮಗ ಊರಿಗೆ ಬಂದಾಗ ನನ್ನ ಕೈತುತ್ತು ಒಲ್ಲೆ ಅಂತಾನ. ಸಾಲಿ ಕಲ್ತಾನಲ್ಲ!"

ಹೇಳಿ ಜೋರಾಗಿ ನಕ್ಕಳು. ಅವಳು ಏನೋ ಗುಟ್ಟು ಬಲ್ಲವಳಾಗಿದ್ದಳು ಎಂದು ನಾನು ಹಿಂದೊಮ್ಮೆ ಬರೆದಿದ್ದೆ. ಸುಳ್ಳು. ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಇಬ್ಬರಿಗೂ ಹೇಸಿಗೆಯಾಗುತ್ತಿತ್ತು, ಅಷ್ಟೆ.

ಗಲಾಟೆ ಶುರುವಾದದ್ದು ಎಣ್ಣೆಯಿಂದ. ಒಂದು ಬೆಳಿಗ್ಗೆ ಬಾವಿಯ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಟ್ಟಿತ್ತು, ಎಣ್ಣೆ ಚೆಲ್ಲಿದ ಹಾಗೆ. ಡೀಸೆಲ್ ಎಂಜಿನ್ ಇದ್ದದ್ದು ಕೊಟ್ರಪ್ಪನವರೊಬ್ಬರಿಗೇ. ಬಾವಿಕಟ್ಟೆಗೆ ಜನ ಸೇರಿತು.

"ಕೊಟ್ರಪ್ಪಾ, ನಿನ್ನ ಎಂಜಿನ್ನು ಬಾವ್ಯಾಗ ಉಚ್ಚಿ ಹೊಯ್ದೈತಿ ನೋಡು," ಎಂದ ಒಬ್ಬ ಮುದುಕ. ಎಲ್ಲರೂ ನಕ್ಕರು, ಆದರೆ ನಗೆಯ ಹಿಂದೆ ಸಿಟ್ಟಿತ್ತು. ಎಂಜಿನ್ ಎತ್ತಿಸಬೇಕು ಎಂಬ ಮಾತು ಬಂತು.

ಕೊಟ್ರಪ್ಪ ದಡ್ಡನಲ್ಲ. ಅಂಗಿಯ ತೋಳೇರಿಸಿ, ಒಂದು ಜಾಲಿಕಡ್ಡಿ ಮುರಿದುಕೊಂಡು, ಮೆಟ್ಟಿಲಿಳಿದು ಪೊರೆಗೆ ಚುಚ್ಚಿದ. ಪೊರೆ ಚೂರುಚೂರಾಯಿತು. ಚೂರುಗಳು ಮೂಲೆಮೂಲೆ ಕತ್ತರಿಸಿದ ಹಾಳೆಯಂತೆ ಬೇರೆಬೇರೆಯಾಗಿ ತೇಲಿದವು.

"ನೋಡ್ರಿ ಎಲ್ಲಾರೂ. ಎಣ್ಣಿ ಆಗಿದ್ರ ಕಡ್ಡಿ ತಗದ್ ಮ್ಯಾಲೆ ತಿರುಗಿ ಕೂಡಬೇಕಿತ್ತು. ಇದು ಹಪ್ಪಳ ಮುರದಂಗ ಮುರದೈತಿ. ಇದು ಎಣ್ಣೀನ ಅಲ್ಲ."

ಅವನ ಮಾತು ಅಕ್ಷರಶಃ ಸರಿ. ಎಣ್ಣೆಯಲ್ಲ. ಇಷ್ಟು ವರ್ಷಗಳಾದ ಮೇಲೂ ನನಗೆ ಮೈ ಉರಿಯುವುದು ಅದಕ್ಕೇ. ಆ ದಿನ ಬಾವಿಕಟ್ಟೆಯ ಮೇಲೆ ಆಡಿದ ಮಾತುಗಳಲ್ಲಿ ನಿಜವಾದದ್ದು ಅದೊಂದೇ, ಅದನ್ನೇ ಅವನು ಹೊಲಸಿಗೆ ಬಳಸಿದ.

"ಹಂಗಾರ ಏನಿದು?" ಎಂದಿತು ಜನ.

ಕೊಟ್ರಪ್ಪ ಕಡ್ಡಿಯನ್ನು ಮೇಲಕ್ಕೆ, ಆಪಿನ ಕಡೆ ತೋರಿಸಿದ. "ಅಲ್ಲಿಂದ ಬರಾಕತ್ತೈತಿ. ಒಂದ್ ಗಡ್ಡಿ ಕಿತ್ತು ಬೇರು ನೋಡ್ರಿ, ಕೆಂಪಗ ಕೊಳತು ನಿಂತೈತಿ. ಅದರಾಗ ಆ ಹುಲಿಗಿ ದಿನಾ ಕಾಲಿಟ್ಟು ನಿಂತಿರ್ತಾಳ. ಆಕಿ ಕಾಲು ತೊಳದ ನೀರು ನಾವು ಕುಡಿಯಾಕತ್ತೀವಿ, ತಿಳೀತಿಲ್ಲೋ?"

ಯಾರೋ ಓಡಿಹೋಗಿ ಗಡ್ಡೆ ಕಿತ್ತು ತಂದರು. ಕೆಂಪು ಬೇರು ಕೈಯಿಂದ ಕೈಗೆ ದಾಟಿತು. ಮುಟ್ಟಿದವರೆಲ್ಲ ಧೋತರಕ್ಕೆ ಕೈ ಒರೆಸಿಕೊಂಡರು. ಬಾವಿಯಲ್ಲಿ ಕೆಂಪು, ಬೇರಿನಲ್ಲಿ ಕೆಂಪು. ಇನ್ನೇನು ಸಾಕ್ಷಿ ಬೇಕು. ಎಂಜಿನ್ನನ್ನು ಎಲ್ಲರೂ ಮರೆತರು. ಆ ಕೆಂಪಿಗಿಂತ ಅವರ ನಾಲಿಗೆಗೆ ರುಚಿಸಿದ್ದು ಆ ಕಾಲಿನ ಮಾತು.

ಆಪನ್ನೇ ಬೇರುಸಮೇತ ಕಿತ್ತುಹಾಕುವುದೆಂದು ತೀರ್ಮಾನವಾಯಿತು. ಕೀಳುವ ದಿನ ಅದಕ್ಕೆ ಶ್ರಮದಾನ ಎಂದು ಹೆಸರಿಟ್ಟರು. ಮಂಡಕ್ಕಿ-ಮೆಣಸಿನಕಾಯಿ ಮಾಡಿಸಿದರು. ಊರ ಹರೆಯದವರೆಲ್ಲ ಜೌಗಿಗಿಳಿದು, ಕೇಕೆ ಹಾಕುತ್ತ, ಒಬ್ಬರ ಮೈಗೆ ಒಬ್ಬರು ರಾಡಿ ಎಸೆಯುತ್ತ ಕಿತ್ತರು. ಒಂದೊಂದು ಗಡ್ಡೆ ಮೇಲೆ ಬಂದಾಗಲೂ ಕೆಳಗಿನ ಕಪ್ಪು ಕೆಸರು ತೇಗಿದಂತೆ ಗುಳ್ಳೆ ಬಿಟ್ಟು ನಾತ ಏಳುತ್ತಿತ್ತು. ಕಿತ್ತ ಆಪನ್ನು ಹೊತ್ತು ದೂರ ಹಾಕುವ ಕಷ್ಟ ಯಾರಿಗೂ ಬೇಡ; ಜೌಗಿನ ಅಂಚಿಗೇ ರಾಶಿ ಒಟ್ಟಿದರು. ನಾನು ಏರಿಯ ಮೇಲಿದ್ದೆ. ಕೂಗಿ ಬೇಡವೆಂದೆನೋ ಇಲ್ಲವೋ ಗೊತ್ತಿಲ್ಲ. ಕೂಗಿದ ಒಂದು ಚಿತ್ರ ನನ್ನ ತಲೆಯಲ್ಲಿದೆ, ಆದರೆ ಆ ಚಿತ್ರದಲ್ಲಿ ನಾನು ನನ್ನ ಬೆನ್ನನ್ನೇ ನೋಡುತ್ತಿದ್ದೇನೆ. ಯಾರ ಬೆನ್ನೂ ಅವರ ಕಣ್ಣಿಗೆ ಕಂಡಿರುವುದಿಲ್ಲ. ಆದ್ದರಿಂದ ಅದು ಆಮೇಲೆ ಹೊಲಿದದ್ದು.

ಹುಲಿಗೆಮ್ಮ ಬಂದದ್ದು ಖಂಡಿತ. ಕುಡುಗೋಲು ಹಿಡಿದೇ ಬಂದಳು; ಅಂದೂ ಕೊಯ್ಯಲೆಂದೇ ಹೊರಟಿದ್ದವಳು.

"ಯಪ್ಪಾ, ಕೊಯ್ಯಾಕ ಬಂದ ಬೆಳಿ ಅದು. ಒಂದ್ ವಾರ ಬಿಡ್ರಿ, ನಾನ ಎಲ್ಲಾ ಕೊಯ್ಕೊಂಡ್ ಹೊಕ್ಕೀನಿ," ಎಂದಳು.

"ನೀ ಇನ್ನ ಈ ನೀರಾಗ ಕಾಲಿಡಂಗಿಲ್ಲಲೇ," ಎಂದ ಕೊಟ್ರಪ್ಪ, ಬಾಯಿ ತುಂಬ ಮಂಡಕ್ಕಿ.

"ಹಂಗಾರ ಏನ್ ಉಣ್ಣಲ್ರಿ?"

"ಅದನ್ನ ನನ್ನ ಕೇಳಿದ್ರ?"

ಅವಳು ಕುಡುಗೋಲನ್ನು ಸೊಂಟಕ್ಕೆ ಸಿಗಿಸಿದಳು. ಆಮೇಲೆ ರಾಶಿಯಿಂದ ನಾಕಾರು ಗಡ್ಡೆ ಆರಿಸಿ ತಲೆಯ ಮೇಲಿಟ್ಟುಕೊಂಡು ಹೋದಳು. ಕೆಂಪು ನೀರು ಅವಳ ಕಿವಿಯ ಹಿಂದಿನಿಂದ ಕತ್ತಿಗೆ ಇಳಿಯುತ್ತಿತ್ತು. ಅಷ್ಟನ್ನೂ ಬಿಡಬಾರದು ಎಂದು ಯಾರೋ ಅಂದರು, ಸೋಮಾರಿತನಕ್ಕೆ ಬಿಟ್ಟರು.

ಬೇಳೆ ಬೇಯುವಷ್ಟು ಹೊತ್ತಿನಲ್ಲಿ ನೀರು ತಿಳಿಯಾಗುತ್ತದೆ ಎಂದು ಬಸಮ್ಮ ಕಾದರು. ನೀರು ಇನ್ನೂ ಕೆಟ್ಟಿತು. ಮೊದಲು ಕೊಡದಲ್ಲಿ ಬೆಳಗಿನ ತನಕ ತಿಳಿಯಾಗಿರುತ್ತಿದ್ದದ್ದು ಈಗ ಬಾವಿಯಿಂದ ಮನೆಗೆ ಬರುವುದರೊಳಗೆ ಕದಡುತ್ತಿತ್ತು. ಜೌಗಿನ ಅಂಚಿನ ರಾಶಿ ಕೊಳೆತು ಕರಿ ರಸ ಸುರಿಸಿತು. ಮೆಟ್ಟಿಲ ಮೇಲಿನ ಲೋಳೆ ಗೇಣುದ್ದ ಬೆಳೆದು ನೀರಿನಲ್ಲಿ ತೂಗಾಡಿತು. ನೀರೇ ನಾರಹತ್ತಿತು. ಅನ್ನಕ್ಕೆ ಆ ವಾಸನೆ, ಮುಖ ತೊಳೆದರೆ ಮೀಸೆಗೆ ಆ ವಾಸನೆ. ಶಾಲೆಯಲ್ಲಿ ಸೀಮೆಸುಣ್ಣ ಹಿಡಿದು ನಿಂತಾಗ ನನ್ನ ಬೆರಳೇ ನನಗೆ ನಾರುತ್ತಿತ್ತು.

ಏಕೆ ಹಾಗಾಯಿತೆಂದು ತಿಳಿದದ್ದು ಬಹಳ ವರ್ಷಗಳಾದ ಮೇಲೆ. ಜೌಗಿನ ಮಣ್ಣಿನ ಬಗ್ಗೆ ಬಲ್ಲವರೊಬ್ಬರು ರೈಲಿನಲ್ಲಿ ಜೊತೆಯಾದರು. ನೀರು ನಿಂತ ಮಣ್ಣಿಗೆ ಗಾಳಿ ಹೋಗುವುದಿಲ್ಲ. ಅಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ. ಅವುಗಳಿಗೆ ಗಾಳಿ ಬೇಕಿಲ್ಲ, ನಾವು ಗಾಳಿಯಿಂದ ಮಾಡಿಕೊಳ್ಳುವ ಕೆಲಸವನ್ನು ಅವು ಮಣ್ಣಿನಲ್ಲಿರುವ ತುಕ್ಕಿನಿಂದ ಮಾಡಿಕೊಳ್ಳುತ್ತವೆ. ಕೊಳೆತದ್ದನ್ನು ತಿಂದು ತುಕ್ಕನ್ನು ಉಸಿರಾಡುತ್ತವೆ ಅನ್ನಬಹುದು. ಆಗ ತುಕ್ಕು ಕರಗಿ ಕಬ್ಬಿಣ ಬಣ್ಣವಿಲ್ಲದೆ ನೀರಿಗೆ ಸೇರುತ್ತದೆ. ಆಪಿನ ಕಾಂಡದೊಳಗೆ ಟೊಳ್ಳಿದೆ. ಆ ಟೊಳ್ಳಿನಿಂದ ಅದು ಗಾಳಿಯನ್ನು ಬೇರಿಗೆ ಇಳಿಸಿಕೊಳ್ಳುತ್ತದೆ, ಬೇರಿನಿಂದ ಒಂದಿಷ್ಟು ಹೊರಗೆ ಸೋರುತ್ತದೆ. ಸೋರಿದ ಗಾಳಿಯ ಬಳಿ ಬೇರೆ ಥರದ ಜೀವಿಗಳು ಕಾದಿರುತ್ತವೆ. ಅವು ಕರಗಿದ ಕಬ್ಬಿಣವನ್ನು ಮತ್ತೆ ತುಕ್ಕು ಮಾಡಿ ಬೇರಿನ ಮೇಲೆ ಕೂಡಿಸುತ್ತವೆ. ಒಂದು ಗುಂಪು ಕರಗಿಸುವುದು, ಇನ್ನೊಂದು ಗುಂಪು ಕಟ್ಟುವುದು. ಬಾವಿಯ ಮೆಟ್ಟಿಲ ಲೋಳೆ, ಹಪ್ಪಳದ ಹಾಗೆ ಮುರಿದ ಆ ಪೊರೆ, ಎಲ್ಲ ಇವುಗಳದೇ ಸಂಸಾರ. ಬೇರಿನ ಕೆಂಪು ಎಂದರೆ ಬಾವಿಗೆ ಹೋಗಬೇಕಿದ್ದು ಅಲ್ಲೇ ಸಿಕ್ಕಿಬಿದ್ದ ಕೆಂಪು.

ಅಂದರೆ ಏರಿಯಿಂದ ಬರುತ್ತಿದ್ದ ಕಬ್ಬಿಣವನ್ನು ಆಪು ತನ್ನ ಮೈಗೆ ಬಳಿದುಕೊಂಡು ಒಂದಿಷ್ಟನ್ನು ತಡೆಯುತ್ತಿತ್ತು. ಅದನ್ನು ಕಿತ್ತರು. ಕಿತ್ತದ್ದನ್ನು ಅಲ್ಲೇ ಕೊಳೆಯಲು ಬಿಟ್ಟು ಕೆಳಗಿನ ಜೀವಿಗಳಿಗೆ ಹಬ್ಬದೂಟ ಹಾಕಿದರು.

ರೈಲಿನಲ್ಲಿ ಸಿಕ್ಕವರು ಇದನ್ನು ಎಷ್ಟು ಚೆನ್ನಾಗಿ ವಿವರಿಸಿದರೆಂದರೆ, ಅಂದಿನಿಂದ ಇಡೀ ವರ್ಷವೇ ನನ್ನ ನೆನಪಿನಲ್ಲಿ ಒಂದು ಪಾಠದ ಹಾಗೆ ಜೋಡಿಸಿಕೊಳ್ಳಲು ನೋಡುತ್ತದೆ. ನಾನು ಬಿಡುವುದಿಲ್ಲ. ಅಂದು ನಮಗೆ ಅರ್ಥ ಸಿಕ್ಕಿರಲಿಲ್ಲ. ಸಿಕ್ಕಿದ್ದು ನಾತ ಮಾತ್ರ.

ಊರಿನವರಿಗೆ ಬೇರೊಂದು ಅರ್ಥ ಸಿಕ್ಕಿತ್ತು. ನೀರಿನ ತಾಯಿ ಗಂಗವ್ವ ಮುನಿದಿದ್ದಾಳೆ. ಮೊದಲು ಅಂದದ್ದು ಬಸಮ್ಮ, ಊಟಕ್ಕೆ ಬಡಿಸುತ್ತ, ಗಂಡನ ತಾಟಿನಲ್ಲಿ ಬೂದಿ ಬಣ್ಣದ ಅನ್ನ ಕುಕ್ಕುತ್ತ.

"ಹುಲಿಗಿ ಬರೇ ಕೊಯ್ಯಾಕಿ, ಬೇರು ಮುಟ್ಟತಿರಲಿಲ್ಲ. ನೀವು ತಾಯಿ ಕೂದಲಾ ಕಿತ್ತಂಗ ಕಿತ್ರಿ. ಈಗ ಆಕಿ ಕೈಲೇನ ಆಪು ಹಚ್ಚಿಸ್ರಿ, ಗಂಗವ್ವನ ಉಡಿ ತುಂಬಿಸ್ರಿ."

"ಆಕಿ ಕೈಲೆ? ಬಾವಿಗೆ?" ಕೊಟ್ರಪ್ಪನ ತುತ್ತು ಗಾಳಿಯಲ್ಲೇ ನಿಂತಿತು.

"ನಿಮ್ಮ ಕೈಲೆ ಹಚ್ಚಿ ನೋಡ್ರಿ, ಚಿಗತರ ಕೇಳ್ರಿ."

ಅವನು ಅನ್ನ ಮೂಸಿ ನೋಡಿ ತಾಟು ಸರಿಸಿದ. ಮರುದಿನ ಕೆಳಕೇರಿಯ ಬಾಯಿಗೆ ಹೋಗಿ ನಿಂತ. ಜೊತೆಗೆ ನಾಕು ಹಿರಿಯರು, ನಾನೂ. ನನ್ನನ್ನು ಏಕೆ ಕರೆದೊಯ್ದರೋ. ಮಾಸ್ತರ ಇದ್ದರೆ ಮಾತಿಗೆ ಮರ್ಯಾದೆ ಬರುತ್ತದೆ ಎಂದಿರಬೇಕು. ಕೇರಿಯೊಳಗೆ ಯಾರೂ ಕಾಲಿಡಲಿಲ್ಲ.

"ಹುಲಿಗೆವ್ವಾ," ಎಂದು ಕೂಗಿದ ಕೊಟ್ರಪ್ಪ.

ಅವಳು ಹೊರಗೆ ಬಂದಳು. ಮನೆಯ ಪಕ್ಕದ ಬಚ್ಚಲ ಗುಂಡಿಯಲ್ಲಿ ಆ ನಾಕಾರು ಗಡ್ಡೆ ಚಿಗುರಿ ನಿಂತಿದ್ದವು.

"ಏನ್ರಿ ಯಪ್ಪಾ, ಇವತ್ತು ನನ್ನ ಹೆಸರಿಗೆ ಅವ್ವ ಹತ್ಯಾಳಲ್ಲ? ಮೊನ್ನಿ ಬರೇ ಹುಲಿಗಿ ಇದ್ದೆ."

ಹಿರಿಯರಲ್ಲಿ ಒಬ್ಬರಿಗೆ ಕೆಮ್ಮು ಬಂತು. ಕೊಟ್ರಪ್ಪ ನೆಲ ನೋಡುತ್ತ ಹೇಳಬೇಕಾದ್ದನ್ನು ಹೇಳಿದ. ಅವಳು ಕೇಳಿದಳು. ಸಿಟ್ಟಾಗಲಿಲ್ಲ, ಆಪು ಅವಳಿಗೆ ಬೇಕೇ ಬೇಕಿತ್ತು.

"ಹಚ್ಚತೀನ್ರಿ. ಬೆಳದದ್ದು ನಂದು. ಇನ್ನೊಮ್ಮಿ ಯಾರರ ಕೈ ಹಚ್ಚಿದ್ರ ಗಂಗವ್ವ ಅದಾಳ, ನೀವದೀರಿ. ನನ್ನ ಕೇಳಬ್ಯಾಡ್ರಿ."

"ಆತು."

"ಮಾಸ್ತರ್ರು ಕೇಳ್ಯಾರ ನೋಡ್ರಿ," ಎಂದಳು, ನನ್ನ ಕಡೆ ತಿರುಗದೆ.

ಆ ಊರಿನಲ್ಲಿ ನಾನಿದ್ದದ್ದು ಆ ಒಂದು ವರ್ಷ. ಹಡಗಲಿ ಕಡೆಗೆ ವರ್ಗವಾಯಿತು. ಮತ್ತೆ ಆಪು ಬೆಳೆದು ನೀರು ತಿಳಿಯಾಯಿತೇ, ನನಗೆ ಗೊತ್ತಿಲ್ಲ. ಆಯಿತು ಎಂದು ಬರೆದುಬಿಡುವ ಆಸೆ ಮಾತ್ರ ಇದೆ. ಹತ್ತಾರು ವರ್ಷಗಳ ಮೇಲೆ ಬಸ್ಸಿನಿಂದ ಕಂಡೆ. ಬಾವಿಯ ಮೇಲೆ ಹಾಸುಗಲ್ಲು ಎಳೆದಿದ್ದರು, ಪಕ್ಕದಲ್ಲಿ ಕೈಪಂಪು. ಆಪು ಏರಿಯವರೆಗೆ ಬೆಳೆದು ನಿಂತಿತ್ತು, ಯಾರೂ ಕೊಯ್ದಂತಿರಲಿಲ್ಲ. ಹುಲಿಗೆಮ್ಮನ ಮಗನಿಗೆ ನೌಕರಿಯಾಗಿ ತಾಯಿಯನ್ನು ಕರೆದೊಯ್ದ ಎಂದು ಪಕ್ಕದ ಸೀಟಿನವರು ಹೇಳಿದರು. ಈಗ ಅವನು ಅವಳ ಕೈತುತ್ತು ಉಣ್ಣುತ್ತಾನೋ ಇಲ್ಲವೋ ಅವರಿಗೆ ಗೊತ್ತಿರಲಿಲ್ಲ.

ಇನ್ನು ಉಡಿ ತುಂಬಿದ ದಿನ.

ಮಧ್ಯಾಹ್ನದ ಬಿಸಿಲು. ಊರೆಲ್ಲ ದಂಡೆಯ ಮೇಲೆ, ಮೂಗಿಗೆ ಬಟ್ಟೆ ಹಿಡಿದು. ಬಸಮ್ಮ ಮೊರದ ತುಂಬ ಅಕ್ಕಿ, ಎಲೆ, ಅಡಿಕೆ, ತೆಂಗಿನಕಾಯಿ, ಹಸಿರು ಕುಪ್ಪಸದ ಖಣ ಹಿಡಿದಿದ್ದರು. ಹುಲಿಗೆಮ್ಮ ಬಚ್ಚಲಗುಂಡಿಯ ಗಡ್ಡೆಗಳನ್ನು ಹೊತ್ತು ಬಂದಳು. ಜೌಗಿನ ಅಂಚಿಗೆ ನಿಂತು, ಸೀರೆ ಎತ್ತಿ ಕಟ್ಟಿಕೊಂಡು, ಕೊಟ್ರಪ್ಪನ ಕಡೆ ತಿರುಗಿದಳು.

"ಕಾಲು ತೊಳ್ಕೊಂಡು ಇಳೀಲೇನ್ರಿ, ಹಂಗ ಇಳೀಲೋ?"

"ಹಂಗ ಇಳಿಯವ್ವ," ಎಂದರು ಬಸಮ್ಮ.

ಇಳಿದಳು. ಬಗ್ಗಿ ಬಗ್ಗಿ ಗಡ್ಡೆ ಊರಿದಳು. ಪ್ರತಿ ಸಲವೂ ಕೆಸರು ಗುಳ್ಳೆ ಬಿಟ್ಟಿತು. ಮೇಲೆ ಬಂದಾಗ ತೊಡೆಯವರೆಗೆ ಕಪ್ಪು, ಅದರ ಮೇಲೆ ಕೆಂಪು. ಬಸಮ್ಮ ಮೊರ ಕೊಟ್ಟರು. ಅದನ್ನು ಹಿಡಿದು ಅವಳು ಬಾವಿಯ ಮೆಟ್ಟಿಲಿಳಿದಳು, ಕೆಳಕೇರಿಯ ಕಾಲು ಎಂದೂ ಇಳಿಯದ ಮೆಟ್ಟಿಲು. ಲೋಳೆ ಅವಳ ಬೆರಳ ಸಂದಿಯಲ್ಲೂ ಉಕ್ಕಿತು. ಅಕ್ಕಿ, ಖಣ, ಕಾಯಿ ನೀರಿಗೆ ಬಿಟ್ಟಳು. ಪೊರೆ ಹಪ್ಪಳದ ಹಾಗೆ ಮುರಿಯಿತು.

ಗಂಗವ್ವನ ಉಡಿ ತುಂಬಿದವರು ಆ ನೀರಿನ ಮೊದಲ ಬೊಗಸೆ ಕುಡಿಯಬೇಕು, ಆಮೇಲೆ ಊರು. ಅದು ಅಲ್ಲಿನ ಪದ್ಧತಿ. ಕರೆಯುವಾಗ ಇದು ಯಾರ ತಲೆಗೂ ಹೊಳೆದಿರಲಿಲ್ಲ. ಈಗ ಒಮ್ಮೆಗೇ ಎಲ್ಲರಿಗೂ ಹೊಳೆಯಿತು, ಮುಖಗಳಲ್ಲಿ ಕಂಡಿತು. ಅವಳ ಎಂಜಲಿನ ಬಾವಿಯನ್ನು ಇನ್ನು ನಾವು ಕುಡಿಯಬೇಕಲ್ಲ. ಕೊಟ್ರಪ್ಪ ಒಂದು ಹೆಜ್ಜೆ ಮುಂದೆ ಬಂದ. ಬಸಮ್ಮ ಅವನ ರಟ್ಟೆ ಹಿಡಿದರು.

ಹುಲಿಗೆಮ್ಮ ಬೊಗಸೆ ತುಂಬಿಕೊಂಡಳು. ಹುಟ್ಟಿದ ಮೇಲೆ ಮೊದಲ ಸಲ ಆ ಬಾವಿಯ ನೀರು ಅವಳ ಕೈಯಲ್ಲಿತ್ತು. ತುಟಿಯ ಹತ್ತಿರ ತಂದಳು. ಹಳ್ಳದ ಮರಳಿನ ನೀರು ಕುಡಿದು ಬೆಳೆದವಳು ಅದನ್ನು ಮೂಸಿದಳು.

"ಥೂ!"

ಬೊಗಸೆ ಚೆಲ್ಲಿ, ಕೈ ಒದರಿ, ತಲೆ ಎತ್ತಿ ನಮ್ಮೆಲ್ಲರನ್ನೂ ನೋಡಿದಳು. ಸಿಟ್ಟಿನಿಂದ ಕೇಳಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಳು:

"ಇದನ್ನ ಕುಡೀತೀರೇನ್ರಿ ನೀವು?"